ಬಯೊನೆಟ್ ಮಾವನ ಭೂತಗನ್ನಡಿ

ಹಳೆಯ ಕಾಲದ ಸಿಪಾಯಿಗಳು ಬಂದೂಕಿನ ತುದಿಗೆ ಸಿಕ್ಕಿಸುತ್ತಿದ್ದ ಚೂರಿಗಳನ್ನು ಕೊಂಡು ಮಾರುವ ನಮ್ಮ ಪಕ್ಕದ ಮನೆಯ ಬಯೊನೆಟ್ ಮಾವ, ಮನುಷ್ಯರ ಮುಖ ಮರೆತರೂ ಚೂರಿಯ ಹಿಡಿಯ ಮೇಲೆ ಒತ್ತಿದ ರೆಜಿಮೆಂಟಿನ ಗುರುತು ಮರೆಯುವವರಲ್ಲ. ಭೂತಗನ್ನಡಿ ಹಿಡಿದು ಮೊದಲು ಚೂರಿಯ ನಂಬರು, ಆಮೇಲೆ ಒರೆಯ ನಂಬರು ಓದುತ್ತಾರೆ. ಎರಡೂ ಒಂದೇ ಆಗದಿದ್ದರೆ "ಇವೆರಡಕ್ಕೂ ಪರಿಚಯಾನೇ ಇಲ್ಲ" ಎಂದು ಮುಖ ಸಿಂಡರಿಸುತ್ತಾರೆ. ಒಮ್ಮೆ ಉಪಕಾರ ಮಾಡಲು ಹೋಗಿ, ಗುರುತು ಅಳಿಸಿಹೋಗುವಷ್ಟು ತುಕ್ಕು ಉಜ್ಜಿಕೊಟ್ಟ ಅಳಿಯನ ಜೊತೆ ಇವತ್ತಿಗೂ ಮಾತಿಲ್ಲ. ನೆಂಟರ ಮನೆಯಲ್ಲಿ ಚಮಚ ಕೊಟ್ಟರೂ ಹಿಂದೇನು ಒತ್ತಿದೆಯೆಂದು ಮಗುಚಿ ನೋಡುತ್ತಾರೆ. ಅದರಲ್ಲಿದ್ದ ಸಕ್ಕರೆ ತೊಡೆಯ ಮೇಲೆ ಬಿದ್ದದ್ದರ ಪರಿವೆಯೇ ಇರುವುದಿಲ್ಲ. "ಇದು ಎಷ್ಟು ಜನರನ್ನ ಕೊಂದಿರಬಹುದು?" ಎಂದು ಗಿರಾಕಿಗಳು ಕಣ್ಣರಳಿಸಿದರೆ, "ಜಾಸ್ತಿ ಡಬ್ಬಿ ಮುಚ್ಚಳಾನೇ ತೆಗ್ದಿರೋದು" ಎನ್ನುತ್ತಾರೆ. ಒಂದು ಚೂರಿಯನ್ನು ಮಾತ್ರ ಯಾರು ಎಷ್ಟು ಗೋಗರೆದರೂ ಕೊಡುವುದಿಲ್ಲ. ಅದರ ಚರ್ಮದ ಒರೆಯ ಮೇಲೆ, ನಂಬರಿನ ಕೆಳಗೆ, ಯಾರೋ ಮೊಳೆಯಿಂದ ಸೊಟ್ಟಸೊಟ್ಟಗೆ ಎರಡಕ್ಷರ ಗೀಚಿದ್ದಾರೆ. "ಇದು ಯಾವ ರೆಜಿಮೆಂಟಿನ ಗುರುತು ಮಾವ?" ಎಂದು ಕೇಳಿದೆ. ಅವರು ಭೂತಗನ್ನಡಿ ಕೆಳಗಿಟ್ಟರು. "ರೆಜಿಮೆಂಟ್ ಕೊಟ್ಟಿದ್ದು ನಂಬರು ಕಣೋ. ಇದು ಆ ಸಿಪಾಯಿಗೆ ಅವನಮ್ಮ ಇಟ್ಟ ಹೆಸರು."