ಆದಿಲಕ್ಷ್ಮಮ್ಮನ ಮೊಮ್ಮಕ್ಕಳು

ತ್ಯಾಮಗೊಂಡ್ಲು ಕಡೆಯ ನಮ್ಮ ಹಳ್ಳಿಯಲ್ಲಿ ಆದಿಲಕ್ಷ್ಮಮ್ಮ ಅಂದರೆ ಗಟ್ಟಿ ಹೆಂಗಸು. ಗಂಡ ಸತ್ತ ಮೇಲೆ ಸೀಮೆಹಸು ಕಟ್ಟಿ, ಡೈರಿಗೆ ಹಾಲು ಹಾಕಿ, ಒಬ್ಬಳೇ ಮಗಳು ಕವಿತಳನ್ನು ಸಾಕಿದಳು. ಆ ಮಗಳನ್ನು ತನ್ನ ತಮ್ಮ ರವಿಚಂದ್ರನಿಗೇ ಕೊಟ್ಟಳು. ನಮ್ಮಲ್ಲಿ ಅಕ್ಕನ ಮಗಳು ಹುಟ್ಟಿದಾಗಲೇ ಸೋದರಮಾವನಿಗೇ ಅಂತ ಅಂದುಬಿಡುತ್ತಾರೆ. ‘ಮಗಳು ಕಣ್ಮುಂದೇನೇ ಇರ್ತಾಳೆ ಕಣಪ್ಪಾ’ ಎಂದು ಪಕ್ಕದ ಮನೆಯ ನನ್ನ ಮುಂದೆ ಬೀಗಿದ್ದಳು.

ಮೊಮ್ಮಗಳು ಕೀರ್ತನ ಒಂದನೇ ಕ್ಲಾಸು. ಒಂದು ಸಂಜೆ ಬರೆಯುತ್ತಿದ್ದವಳು, ‘ಅಜ್ಜಿ, ಕರೆಂಟ್ ಹೋಯ್ತಾ?’ ಎಂದಳು. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು.

‘ಬರಿಯೋಕೆ ಮೈಗಳ್ಳತನ ನಿಂಗೆ!’ ಅಜ್ಜಿ ಕಿವಿ ಹಿಂಡಿದಳು.

ಕನ್ನಡಕ ಹಾಕಿಸಿದರು, ಉಪಯೋಗವಾಗಲಿಲ್ಲ. ಆಮೇಲೆ ಫಿಟ್ಸ್ ಶುರುವಾಯಿತು. ಕಲಿತ ಅಕ್ಷರ ಹೋಯಿತು, ಮಾತು ಹೋಯಿತು, ಕಾಲು ನಿಲ್ಲದಾಯಿತು. ದೇವರಿಗೆ ಹರಕೆ ಕಟ್ಟಿದ್ದೂ ಆಯಿತು. ಕೊನೆಗೆ ನನ್ನ ಲಗೇಜ್ ಆಟೊದಲ್ಲೇ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿಯ ಡಾಕ್ಟರಮ್ಮ, ‘ಸಂಬಂಧದಲ್ಲಿ ಮದುವೆಯಾ?’ ಎಂದು ಕೇಳಿದರು.

‘ಹೊರಗಿನೋರ್ಗೆ ಕೊಟ್ಟಿಲ್ಲ ತಾಯಿ, ನನ್ನ ತಮ್ಮಂಗೇ ಕೊಟ್ಟಿದ್ದೀನಿ’ ಎಂದಳು ಆದಿಲಕ್ಷ್ಮಮ್ಮ, ಹೆಮ್ಮೆಯಿಂದಲೇ.

ರಕ್ತದ ರಿಪೋರ್ಟ್ ಬಂದ ಮೇಲೆ ಡಾಕ್ಟರಮ್ಮ ಮೆಲ್ಲಗೆ ಬಿಡಿಸಿ ಹೇಳಿದರು. ‘ಅಪ್ಪನಲ್ಲೂ ಅಮ್ಮನಲ್ಲೂ ಒಂದೇ ದೋಷ ಅಡಗಿದೆ. ಅದರಿಂದ ಅವರಿಗೇನೂ ಆಗಲ್ಲ. ಎರಡು ಕಡೆಯಿಂದಲೂ ಮಗುಗೆ ಬಂದ್ರೆ ಮಿದುಳಲ್ಲಿ ಕಸ ಸೇರ್ತಾ ಹೋಗತ್ತೆ. ಯಾರಿಗೆ ಬೇಕಾದ್ರೂ ಬರಬಹುದು, ಒಂದೇ ರಕ್ತದಲ್ಲಿ ಮದುವೆಯಾದ್ರೆ ಜಾಸ್ತಿ. ತಪ್ಪು ಯಾರದ್ದೂ ಅಲ್ಲ.’

‘ಔಷಧಿ?’ ಎಂದೆ ನಾನು.

‘ಫಿಟ್ಸ್ ಕಮ್ಮಿ ಮಾಡಬಹುದು. ವಾಸಿ ಮಾಡೋಕಾಗಲ್ಲ.’

ನನಗೆ ಪಿತ್ತ ನೆತ್ತಿಗೇರಿತು. ‘ಹಂಗಾದ್ರೆ ಏನಕ್ಕ್ರೀ ಓದಿದ್ದು ನೀವೆಲ್ಲಾ?’ ಎಂದು ಕೂಗಿದೆ. ಆಕೆ ಬೈಯಲಿಲ್ಲ. ‘ಚಿಕ್ಕ ಮಗುಗೂ ಪರೀಕ್ಷೆ ಮಾಡಿಸಿ’ ಎಂದರಷ್ಟೇ.

ಚಿಕ್ಕವನು ಅಂಜನ್, ಕೀರ್ತನಳ ತಮ್ಮ. ಚೂಟಿ ಹುಡುಗ, ಇಡೀ ಬೀದಿಗೆ ಅವನದೇ ಗಲಾಟೆ. ಅಪ್ಪ ಅಮ್ಮ ಒಪ್ಪಿದರೂ ಆದಿಲಕ್ಷ್ಮಮ್ಮ ಬಿಡಲಿಲ್ಲ. ‘ಅವನ ಮೈಗೆ ಸೂಜಿ ಚುಚ್ಚಿದ್ರೆ ನಾನು ಬಾವಿಗೆ ಬೀಳ್ತೀನಿ. ಇದೊಂದಾದ್ರೂ ಉಳೀಲಿ.’ ಪರೀಕ್ಷೆ ಮಾಡಿಸದಿದ್ದರೆ ಕಾಯಿಲೆಯೂ ಇರುವುದಿಲ್ಲ ಅನ್ನುವ ಹಾಗೆ ಹಟ ಹಿಡಿದು ಕೂತಳು.

ಅಂಜನ್ ಒಂದನೇ ಕ್ಲಾಸಿಗೆ ಸೇರಿದ. ಮೊನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಚಾಪೆಯ ಮೇಲಿದ್ದ ಕೀರ್ತನಳ ಬಾಯಿಗೆ ಆದಿಲಕ್ಷ್ಮಮ್ಮ ಚಮಚದಲ್ಲಿ ರಾಗಿ ಗಂಜಿ ಬಿಡುತ್ತಿದ್ದಳು. ಪಕ್ಕದಲ್ಲಿ ಅಂಜನ್ ಬರೆಯುತ್ತಿದ್ದ. ಮೂಗು ಪುಸ್ತಕಕ್ಕೆ ತಾಗುವಷ್ಟು ಬಗ್ಗಿದ್ದ.

‘ಅಜ್ಜಿ, ಕರೆಂಟ್ ಹೋಯ್ತಾ?’

ಚಮಚ ನಿಂತಿತು. ನಾನು ಬಲ್ಬು ನೋಡಿದೆ. ಆದಿಲಕ್ಷ್ಮಮ್ಮ ನೋಡಲಿಲ್ಲ. ಗೋಡೆ ಹಿಡಿದು ಎದ್ದು ಹೋಗಿ, ಸ್ವಿಚ್ ಒತ್ತಿ ದೀಪ ಆರಿಸಿದಳು.

‘ಹೂಂ ಕಣಪ್ಪಾ, ಹೋಯ್ತು’ ಎಂದಳು.