ಸೋರುವ ಗರಗಸ, ಅಣ್ಣನ ಎಡಗೈ

ಗಾಳಿಗೆ ಮರವೊಂದು ದಾರಿಗಡ್ಡ ಬಿತ್ತೆಂದರೆ ಜನ ಮೊದಲು ಹುಡುಕುತ್ತಿದ್ದದ್ದು ಮರದಕ್ಕನನ್ನು. ಹೆತ್ತವರಿಟ್ಟ ಹೆಸರನ್ನು ಅವಳೇ ಮರೆಯುವಷ್ಟು ಈ ಹೆಸರು ಅಂಟಿಕೊಂಡಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದವಳನ್ನು ಮರ ಕೊಯ್ಯುವ ಕಸುಬಿಗೆ ಎಳೆದು ತಂದವನು ಅವಳ ಅಣ್ಣ. "ಹಬೆಯಲ್ಲಿ ಬೇಯೋದಕ್ಕಿಂತ ಬಿಸಿಲಲ್ಲಿ ಒಣಗೋದು ವಾಸಿ, ಬಾ" ಎಂದಿದ್ದ. ಅವನು ಗರಗಸ ಹಿಡಿದರೆ ಅವಳು ಹಗ್ಗ ಹಿಡಿಯುತ್ತಿದ್ದಳು. ಬೈಗುಳವಿಲ್ಲದೆ ಅವನ ಬಾಯಿಂದ ಒಂದು ಪಾಠವೂ ಹೊರಡುತ್ತಿರಲಿಲ್ಲ.

ಆ ಬಾಯಿ ಒಂದು ಬೆಳಿಗ್ಗೆ ನಿಂತುಹೋಯಿತು. ಲಕ್ವ ಹೊಡೆದು ಬಲಗೈ ಜೋತುಬಿತ್ತು. ಮಾತೆಲ್ಲ ಹೋಗಿ ಒಂದೇ ಒಂದು ಪದ ಉಳಿಯಿತು: "ಛತ್ರಿ". ನೀರು ಬೇಕಾದರೂ ಛತ್ರಿ, ಸಿಟ್ಟು ಬಂದರೂ ಛತ್ರಿ. ನೋಡಲು ಬಂದ ಭಾವಮೈದುನನ ಮುಖ ನೋಡಿ ಹಾಗೆಂದಾಗ ಮಾತ್ರ ಅತ್ತಿಗೆ, "ಇದೊಂದನ್ನ ಸರಿಯಾಗಿ ಹೇಳಿದ್ರು ನೋಡು, ನನ್ನ ತಮ್ಮ ಛತ್ರೀನೇ" ಎಂದು ನಕ್ಕು, ಒಳಗೆ ಹೋಗಿ ಅತ್ತಳು.

ಗರಗಸ ಮರದಕ್ಕನ ಕೈಗೆ ಬಂತು. ಹಳೆಯ ಯಂತ್ರ, ಅಣ್ಣನಷ್ಟೇ ಹಟಮಾರಿ. ಹಲ್ಲಿನ ಸರಪಳಿ ಓಡುವ ಉದ್ದನೆಯ ಪಟ್ಟಿಗೆ ಎಣ್ಣೆ ಉಣಿಸಲು ಅದರ ಹೊಟ್ಟೆಯಲ್ಲೊಂದು ಪುಟ್ಟ ಪಂಪಿತ್ತು. ಈಗೀಗ ಅದು ಮರ ಕೊಯ್ಯುವಾಗ ಸರಪಳಿಯನ್ನು ಒಣಗಿಸಿ ಹೊಗೆಯೆಬ್ಬಿಸುವುದು, ಶೆಲ್ಫಿನ ಮೇಲೆ ಸುಮ್ಮನೆ ಕೂತಾಗ ಇದ್ದಬದ್ದ ಎಣ್ಣೆಯನ್ನೆಲ್ಲ ಕಾರಿಕೊಳ್ಳುವುದು, ಹೀಗೆ ಶುರುಮಾಡಿತ್ತು.

"ಇದರ ಕಾಲ ಮುಗೀತಕ್ಕಾ, ಗುಜರಿಗೆ ಹಾಕಿ" ಎಂದ ರಿಪೇರಿ ಅಂಗಡಿಯವನು.

ಅವಳಿಗೆ ಮನಸ್ಸು ಬರಲಿಲ್ಲ. ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ತಾನೇ ಬಿಚ್ಚಲು ಕೂತಳು. ಎದುರಿನ ಕುರ್ಚಿಯಲ್ಲಿ ಅಣ್ಣ ಎಂದಿನಂತೆ ಗೋಡೆ ನೋಡುತ್ತಿದ್ದ.

ಮೊದಲು ಎಣ್ಣೆ ಮುಚ್ಚಳದ ರಬ್ಬರ್ ಉಂಗುರ ಬದಲಿಸಿದಳು. ಯಂತ್ರದ ಮೈಯೆಲ್ಲ ಒರೆಸಿ, ಹೊಸ ಹಾಳೆಯ ಮೇಲಿಟ್ಟು ಕಾದಳು. ಕಲೆ ಮತ್ತೆ ಮೂಡಿತು. ಮುಚ್ಚಳದ ಕಡೆಯಲ್ಲ, ಪಂಪಿನ ಕೆಳಗೆ. ಪಂಪು ಬಿಚ್ಚಿದರೆ ಸಂದಿಗೊಂದಿಯಲ್ಲೆಲ್ಲ ಮರದ ಹುಡಿ ಎಣ್ಣೆ ಕುಡಿದು ಗಟ್ಟಿಯಾಗಿತ್ತು. ಕೆರೆದು, ತೊಳೆದು ಕೂರಿಸಿದಳು. ಆದರೂ ಸೋರಿತು. ಇನ್ನುಳಿದದ್ದು ಟ್ಯಾಂಕಿನಿಂದ ಪಂಪಿಗೆ ಹೋಗುವ ರಬ್ಬರ್ ನಳಿಕೆ. ಅದನ್ನು ಎಳೆದು ತೆಗೆದು, ನೀರು ತುಂಬಿದ ಬೋಗುಣಿಯಲ್ಲಿ ಅದ್ದಿ, ಬಾಗಿ, ಒಂದು ತುದಿಯನ್ನು ಬೆರಳಲ್ಲಿ ಒತ್ತಿಹಿಡಿದು ಇನ್ನೊಂದರಿಂದ ಊದಿದಳು. ಒಂದು ಗುಳ್ಳೆಯೂ ಏಳಲಿಲ್ಲ.

"ಇದೂ ಸರಿಯಾಗೇ ಇದೆಯಲ್ಲ! ಹಾಗಾದ್ರೆ ಎಣ್ಣೆ ಏನು ಆಕಾಶದಿಂದ ಬೀಳ್ತಿದೆಯಾ?" ಎಂದು ನಳಿಕೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಛತ್ರಿ!"

ತಲೆಯೆತ್ತಿದರೆ ಅಣ್ಣ ಗೋಡೆ ಬಿಟ್ಟು ನಳಿಕೆಯನ್ನು ನೋಡುತ್ತಿದ್ದ. ಎಡಗೈ ಚಾಚಿದ. ಅವಳು ಕೊಟ್ಟಳು. ಅವನ ಹೆಬ್ಬೆರಳು ರಬ್ಬರಿನ ಮೇಲೆ ನಿಧಾನವಾಗಿ, ಮಗುವಿನ ಬೆನ್ನು ಸವರುವ ಹಾಗೆ ಸರಿದು, ಒಂದು ಕಡೆ ನಿಂತಿತು. ನಳಿಕೆಯನ್ನು ನೀರಿಗಿಳಿಸಿ, ಬೋಗುಣಿಯ ಅಂಚಿಗೆ ಒತ್ತಿ, ಮೊಣಕೈಯಂತೆ ಬಗ್ಗಿಸಿದ. ಯಂತ್ರದೊಳಗೆ ಟ್ಯಾಂಕಿನ ಗೋಡೆ ದಾಟುವಲ್ಲಿ ಅದು ಹೇಗೆ ಬಗ್ಗಿರುತ್ತದೋ ಥೇಟ್ ಹಾಗೇ. ಆಮೇಲೆ ಅವಳ ಕಡೆ ಗದ್ದ ಮುಂದೆ ಮಾಡಿದ: ಊದು.

ಅವಳು ತುದಿ ಒತ್ತಿಹಿಡಿದು ಊದಿದಳು. ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಮೇಲೆದ್ದವು.

ನೆಟ್ಟಗಿದ್ದಾಗ ಬಾಯಿ ಮುಚ್ಚಿಕೊಂಡಿರುತ್ತಿದ್ದ ಸೀಳು, ಬಗ್ಗಿದರೆ ಮಾತ್ರ ತೆರೆಯುತ್ತಿತ್ತು. ಮರದಕ್ಕ ತಲೆಯೆತ್ತಿ ಅಣ್ಣನನ್ನು ನೋಡಿದಳು. ನೀರಿಗೆ ನೀರೆನ್ನಲಾಗದ, ಕಟ್ಟಿಕೊಂಡವಳ ಹೆಸರು ನಾಲಿಗೆಗೆ ಬಾರದ ಮನುಷ್ಯನೊಳಗೆ ಆ ಯಂತ್ರದ ಒಂದೊಂದು ತಿರುವೂ ಹಾಗೇ ಕೂತಿತ್ತು. ಅಣ್ಣ ಇದ್ದೂ ಇಲ್ಲವಾದ ಎಂದು ಅವಳು ಒಳಗೊಳಗೇ ಅತ್ತು ಮುಗಿಸಿದ್ದಳು. ಅವನು ಎಲ್ಲೂ ಹೋಗಿರಲಿಲ್ಲ.

"ಅತ್ತಿಗೆ! ಬನ್ನಿ ಇಲ್ಲಿ, ಬೇಗ!"

ಅತ್ತಿಗೆ ಸೌಟು ಹಿಡಿದೇ ಓಡಿಬಂದಳು. "ಏನಾಯ್ತೇ ಅವರಿಗೆ?"

"ಏನೂ ಆಗಿಲ್ಲ. ಸೋರೋ ಜಾಗ ಅಣ್ಣ ಹಿಡಿದುಬಿಟ್ಟ, ನೋಡಿ!" ಎಂದು ಮತ್ತೆ ಊದಿದಳು.

ಅತ್ತಿಗೆ ಗುಳ್ಳೆಗಳನ್ನು ನೋಡಲಿಲ್ಲ. "ಅವರ ಕಣ್ಣು ನೋಡೇ" ಎಂದಳು, ಮೆಲ್ಲಗೆ.

ಅಂಗಡಿಯವನು ಡಬ್ಬಿಗಳನ್ನೆಲ್ಲ ತಡಕಾಡಿ ಅಳತೆಗೆ ಹೊಂದುವ ನಳಿಕೆ ಹುಡುಕಿಕೊಟ್ಟ. ಅದನ್ನು ಕೂರಿಸಿ, ಅಂಗಳದಲ್ಲಿ ಯಂತ್ರ ಚಾಲೂ ಮಾಡಿ, ಪಟ್ಟಿಯ ತುದಿಯನ್ನು ಬಿಳಿ ರಟ್ಟಿನ ಕಡೆ ಹಿಡಿದಳು. ಸರಪಳಿ ಓಡಿದಂತೆ ರಟ್ಟಿನ ಮೇಲೆ ಎಣ್ಣೆಯ ಕೂದಲೆಳೆಯಂಥ ಗೆರೆ ಮೂಡಿತು. ಅಣ್ಣ ಎಡಗೈಯಿಂದ ತೊಡೆ ತಟ್ಟಿದ.

ಅಂದಿನಿಂದ ಅವನು ಕುರ್ಚಿ ಸಮೇತ ಕೆಲಸದ ಜಾಗಕ್ಕೆ ಬರತೊಡಗಿದ. ಒಮ್ಮೆ ಗೋದಾಮಿನ ಗೋಡೆಗೆ ಒರಗಿ ಬಿದ್ದಿದ್ದ ದೊಡ್ಡ ಮರ ಕೊಯ್ಯುವುದಿತ್ತು. ಅವಳು ಕೆಳಗಿನ ಕೊಂಬೆಗೆ ಗರಗಸ ತಾಗಿಸಬೇಕು, ಅಷ್ಟರಲ್ಲಿ ಎಡಗೈ ಮೇಲೆದ್ದಿತು. ಈ ಕಡೆ ಬೇಡ, ಆ ಕಡೆ. ಬದಿ ಬದಲಿಸಿ ಕೊಯ್ದಳು. ಮರದಡಿ ಸಿಕ್ಕಿ ಬಿಗಿದು ಬಾಗಿದ್ದ ಕೊಂಬೆ ಸಿಡಿದು, ಅವಳು ಮೊದಲು ನಿಂತಿದ್ದ ಜಾಗಕ್ಕೇ ಅಪ್ಪಳಿಸಿತು.

ಯಂತ್ರ ಆರಿಸಿ ಅವನ ಬಳಿ ಬಂದಳು. "ಇಷ್ಟು ದೂರದಿಂದ ಹೇಗೆ ಗೊತ್ತಾಯ್ತಣ್ಣ?"

ಅವನ ತುಟಿ ಬಹಳ ಹೊತ್ತು ತಡಕಾಡಿತು. ಕುತ್ತಿಗೆಯ ನರ ಉಬ್ಬಿತು.

"ಭಾರ" ಎಂದ.

ಅವಳು ಆ ಮಾತನ್ನು ಇನ್ನೊಮ್ಮೆ ಹೇಳಿಸಲು ಹೋಗಲಿಲ್ಲ. ಅವನ ಪಕ್ಕದಲ್ಲೇ ಮರದ ಹುಡಿಯ ಮೇಲೆ ಕೂತಳು.