ಹಡವಿ ಎಂಬ ಊರು

ಫೋನಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಬರಹವೋ, ಕಿವಿಗೆ ಬಿದ್ದದ್ದು ಧ್ವನಿಯೋ, ಹೇಳಲಾರೆ. ಬರಹ ಹೀಗಿತ್ತು: ‘ಅವರು ಸತ್ತಿಲ್ಲ. ಇದು ಹೋದ ತಿಂಗಳ ರೆಕಾರ್ಡಿಂಗ್. ಕೇಳಿ, ಎಲ್ಲರಿಗೂ ಕಳಿಸಿ.’ ಮೇಲೆ ಆ ದೊಡ್ಡ ಗಾಯಕರ ಫೋಟೊ, ಹೆಗಲ ಮೇಲೆ ಬಿಳಿ ಶಾಲು. ಒತ್ತಿದೆ. ನನ್ನ ಅಣ್ಣ ಹಾಡಿದ.

ಯಶವಂತಪುರದಲ್ಲಿ ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದೆ ಎಂದು ಬರೆದು ಹೊಡೆದುಹಾಕಿದೆ. ಆ ದಿನ ನೀನು ಮನೆಯಲ್ಲೇ ಇದ್ದೆ ಎಂದು ಅಮ್ಮ ಹೇಳುತ್ತಾಳೆ. ನನಗೆ ಬಸ್ ನಿಲ್ದಾಣ ಚೆನ್ನಾಗಿ ಕಾಣುತ್ತದೆ, ಎದುರು ನಿಂತ ಈರುಳ್ಳಿ ಲಾರಿ ಸಮೇತ. ಅಷ್ಟು ಚೆನ್ನಾಗಿ ಕಾಣುವುದರಿಂದಲೇ ನಂಬಲು ಹಿಂಜರಿಯುತ್ತೇನೆ. ಎಲ್ಲೋ ಇದ್ದೆ. ಅಣ್ಣ ಹಾಡಿದ. ಅವನು ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

ಒಂದೇ ಸಾಲು. ‘ಹಡವಿಯ ಒಳಗೂ ದಾರಿಯಿದೆ.’ ಅಡವಿ ಎನ್ನಬೇಕಾದ ಕಡೆ ಹಡವಿ. ಆಮೇಲೆ ಫ್ಯಾನ್ ತಿರುಗುವ ಸದ್ದು, ಕತ್ತರಿಸಿದ ಹಾಗೆ ಮೌನ.

ಅಣ್ಣ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದ. ಗಣೇಶ ಕೂರಿಸುವ ಕಾಲದಿಂದ ರಾಜ್ಯೋತ್ಸವ ಮುಗಿಯುವವರೆಗೆ ಅವನಿಗೆ ಬಿಡುವಿರಲಿಲ್ಲ. ಆ ದೊಡ್ಡ ಗಾಯಕರ ಧ್ವನಿ ಅವನಿಗೆ ಒಗ್ಗಿತ್ತು. ಆದ್ದರಿಂದ ನಿರೂಪಕರು ಅವರ ಹೆಸರಿನ ಹಿಂದೆ ‘ಜೂನಿಯರ್’ ಸೇರಿಸಿ ಅವನನ್ನು ವೇದಿಕೆಗೆ ಕರೆಯುತ್ತಿದ್ದರು. ನಮ್ಮ ಕೊಡಿಗೇಹಳ್ಳಿಯಲ್ಲಿ ಹೆಸರೂ ಬಿದ್ದುಹೋಗಿ ಬರೀ ಜೂನಿಯರ್ ಉಳಿಯಿತು. ಅವನು ಸತ್ತಾಗ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸಿನಲ್ಲೂ ಅದೇ ದೊಡ್ಡ ಅಕ್ಷರದಲ್ಲಿತ್ತು, ಅವನ ನಿಜವಾದ ಹೆಸರು ಕಂಸದೊಳಗೆ.

ಒಂದೇ ತೊಂದರೆಯಿತ್ತು. ನಮ್ಮ ಹಳೇ ಊರಿನವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಿಂಗೆ ಎಂಬುದು ಇಂಗೆ, ಹಾಲು ಎಂಬುದು ಆಲು. ಆ ಗಾಯಕರ ಹಕಾರವೋ, ಮೈಕಿಗೆ ಉಸಿರು ತಾಗುವ ಹಾಗೆ ಬರುತ್ತಿತ್ತು. ಆರ್ಕೆಸ್ಟ್ರಾದ ಯಜಮಾನರು ಎಲ್ಲರೆದುರೇ ಬಯ್ಯುತ್ತಿದ್ದರಂತೆ. “ಆಡು ಅಲ್ಲ ಕಣೋ, ಹಾಡು. ಆಡು ಅಂದ್ರೆ ಮೇಕೆ. ಸ್ಟೇಜ್ ಮೇಲೆ ಮೇಕೆ ಬಿಡ್ತೀಯಾ?”

ಅಣ್ಣ ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುತ್ತದೋ ಇಲ್ಲವೋ ನೋಡುತ್ತಾ ಹಿತ್ತಲಲ್ಲಿ ಓಡಾಡಿ ಹಕಾರ ಕಲಿತ. ಎಷ್ಟು ಕಲಿತನೆಂದರೆ, ಇಲ್ಲದ ಕಡೆಯೂ ಬರತೊಡಗಿತು. ಎಲೆಯನ್ನು ಹೆಲೆ ಎಂದ. ಒಂದು ಬೆಳಿಗ್ಗೆ ಅಂಗಡಿಗೆ ಹೊರಟವನು, “ಹಕ್ಕಿ ತರ್ಬೇಕಾ?” ಎಂದು ಕೇಳಿದ.

ಅಮ್ಮ ಒಳಗಿನಿಂದ ಕೂಗಿದಳು. “ಯಾವ್ ಅಕ್ಕಿ ಏಳಪ್ಪ. ಬೇಯ್ಸೋ ಅಕ್ಕಿನೋ, ಆರೋ ಅಕ್ಕಿನೋ?”

ನಾವು ನಕ್ಕೆವು. ಅವನು ನಕ್ಕನೋ ಇಲ್ಲವೋ ನೆನಪಿಲ್ಲ. ನಕ್ಕ ಎಂದು ಬರೆದರೆ ದೃಶ್ಯ ಮುಗಿಯುತ್ತದೆ. ಆದ್ದರಿಂದ ಬರೆಯುವುದಿಲ್ಲ.

ದೊಡ್ಡ ಗಾಯಕರು ತೀರಿಕೊಂಡದ್ದು ಅಣ್ಣನ ನಂತರ. ಹೊರದೇಶದಲ್ಲಿ ಕಾರ್ಯಕ್ರಮಕ್ಕೆ ಹೋದವರು ಹೋಟೆಲಿನಲ್ಲಿ ಹೋದರು. ಪೆಟ್ಟಿಗೆ ಮುಚ್ಚಿಯೇ ಬಂತು, ಮುಚ್ಚಿಯೇ ಹೋಯಿತು. ಮುಖ ತೋರಿಸುವುದು ಬೇಡವೆಂದು ಮನೆಯವರು ಕೇಳಿಕೊಂಡರು. ಅದೇ ವಾರ ಆರ್.ಟಿ. ನಗರದ ಟೀ ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಇಬ್ಬರು ಆಟೊದವರು ಮಾತಾಡುತ್ತಿದ್ದರು.

“ಪೆಟ್ಗೆ ಯಾಕ್ ತೆಗೀಲಿಲ್ಲ ಹೇಳು ಗುರು.”

“ದೂರದಿಂದ ಬಂದಿರೋದಲ್ವಾ, ವಾಸ್ನೆ ಬರುತ್ತೆ ಅಂತ.”

“ಅಂಥ ಮನುಷ್ಯಂಗೆ ವಾಸ್ನೆನಾ? ಹೋಗಲೋ. ಒಳ್ಗೆ ಏನೂ ಇರ್ಲಿಲ್ಲ. ಅವ್ರು ಎಲ್ಲೋ ಆರಾಮಾಗಿದಾರೆ.”

ಸನ್ಯಾಸ ಎಂದರು, ವೈರಿಗಳ ಭಯ ಎಂದರು, ಸುಮ್ಮನೆ ಬೇಜಾರು ಎಂದರು. ಕೊನೆಯದನ್ನು ನಾನೂ ಸ್ವಲ್ಪ ನಂಬಿದೆ.

ಆ ಧ್ವನಿಯ ತುಣುಕು ಇಂಥವರಿಗೆ ದೇವರ ಪ್ರಸಾದದ ಹಾಗೆ ಸಿಕ್ಕಿತು. ಆ ಸಾಲು ದೊಡ್ಡ ಗಾಯಕರ ಯಾವ ಹಾಡಿನಲ್ಲೂ ಇಲ್ಲ, ಆದ್ದರಿಂದ ಹೊಸದು. ಹೊಸದಾದ್ದರಿಂದ ಅವರು ಬದುಕಿದ್ದಾರೆ. ಇನ್ನು ಹಡವಿ. ಹಕಾರಕ್ಕೆ ಹೆಸರಾದ ಮನುಷ್ಯ ತಪ್ಪು ಮಾಡುವುದುಂಟೇ? ಇಲ್ಲ. ಹಾಗಾದರೆ ಹಡವಿ ಎಂಬುದು ಊರಿನ ಹೆಸರು. ತಾವಿರುವ ಜಾಗವನ್ನು ಹಾಡಿನೊಳಗೆ ಇಟ್ಟು ಕಳಿಸಿದ್ದಾರೆ. ಯಾರೋ ನಕ್ಷೆ ಹಾಕಿದರು. ಬೆಟ್ಟದ ಬುಡದಲ್ಲಿ ಒಂದು ಕೆಂಪು ಚುಕ್ಕಿ.

ನಾನು ಕೆಳಗೆ ಬರೆದೆ: ‘ಇದು ನಮ್ಮ ಅಣ್ಣನ ಧ್ವನಿ. ಅವನು ತೀರಿಕೊಂಡಿದ್ದಾನೆ.’ ನನಗೆ ಬೇಕಿದ್ದದ್ದು ಅಷ್ಟೇ. ಧ್ವನಿ ಅವನದು ಎಂದು ಒಬ್ಬರಾದರೂ ಒಪ್ಪಬೇಕು. ಬದುಕಿದ್ದಷ್ಟು ದಿನ ಅದನ್ನು ಬೇರೆಯವರ ಹೆಸರಿನಲ್ಲಿ ಕೇಳಿದರು. ಈಗಲೂ ಹಾಗೆಯೇ ಆಗಬಾರದು.

ಒಬ್ಬ ಬರೆದ: ‘ಎಲ್ರೂ ನಮ್ಮಣ್ಣ ನಮ್ಮಣ್ಣ ಅಂತಾರೆ ಗುರು. ಅವರು ಇಡೀ ಕರ್ನಾಟಕಕ್ಕೇ ಅಣ್ಣ.’ ಅದಕ್ಕೆ ಸಾಲುಸಾಲು ಕೆಂಪು ಹೃದಯಗಳು. ಇನ್ನೊಬ್ಬ: ‘ನಿಮ್ಮಣ್ಣ ಸತ್ತಿರೋದಕ್ಕೆ ಏನ್ ಪ್ರೂಫ್?’ ಮತ್ತೊಬ್ಬ ಕೇಳಿದ: ‘ಮುಖ ನೋಡಿದ್ಯಾ?’

ನೋಡಿರಲಿಲ್ಲ.

ಅದು ಕೊರೊನಾದ ಎರಡನೇ ಅಲೆ. ಆಸ್ಪತ್ರೆಗೆ ಹೋಗುವಾಗ ಅಣ್ಣ ಆಂಬುಲೆನ್ಸಿನಲ್ಲಿ ಕೂತೇ ಹೋದ, ಕೈ ಬೀಸಿದ. ಆಮೇಲೆ ಫೋನ್ ಬಂತು. ಹೆಬ್ಬಾಳದ ಚಿತಾಗಾರದ ಹೊರಗೆ ಆಂಬುಲೆನ್ಸುಗಳ ಸಾಲಿನಲ್ಲಿ ನಾನೂ ನಿಂತೆ. ನೀಲಿ ಹೊದಿಕೆಯ ಪೊಟ್ಟಣ, ಮೇಲೆ ಅಂಟಿಸಿದ ಚೀಟಿ, ಚೀಟಿಯಲ್ಲಿ ಅವನ ನಿಜವಾದ ಹೆಸರು. ಮೈತುಂಬ ಮುಚ್ಚಿಕೊಂಡಿದ್ದವರು ಕೇಳಿದರು, “ನಿಮ್ದೇನಾ?” ನಾನು ಹೌದು ಎಂದೆ. ಹೊದಿಕೆಯ ಬಣ್ಣ ಬಿಳಿಯೂ ಇರಬಹುದು. ಅಣ್ಣ ಉದ್ದದ ಆಳು. ಪೊಟ್ಟಣ ಗಿಡ್ಡವಿತ್ತು. ಅಥವಾ ಅವತ್ತು ಸರಿಯಾಗಿಯೇ ಇತ್ತು, ಆ ಪ್ರಶ್ನೆ ಓದಿದ ಮೇಲೆ ಗಿಡ್ಡವಾಯಿತು. ಯಾವುದು ಮೊದಲು ಎಂದು ಹೇಳಬಲ್ಲವರು ಯಾರೂ ಅಲ್ಲಿರಲಿಲ್ಲ, ನನ್ನನ್ನು ಬಿಟ್ಟು. ನಾನು ಹೇಳಲಾರೆ.

ಫೋನ್ ಪಕ್ಕಕ್ಕಿಟ್ಟೆ. ಊಟ ಮಾಡಿದೆ. ಸಾರು ಚೆನ್ನಾಗಿತ್ತೆಂದು ನೆನಪು.

ಅಣ್ಣನ ಜೊತೆ ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯ ಈಗ ಆರ್.ಟಿ. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನಿಗಾದರೂ ಗೊತ್ತಾಗಬೇಕು ಎಂದು ಹೋದೆ. ಅವನು ಯಾರದೋ ಫೋನಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ತುಣುಕು ಹಾಕಿದೆ. ತಲೆ ಎತ್ತಲಿಲ್ಲ.

“ಗೊತ್ತು ಮಗಾ. ನಿಮ್ಮಣ್ಣಂದೇ. ನಾನೇ ಹಾಕಿದ್ದು.”

“ಯಾಕೆ?”

“ಮೊದ್ಲು ಅವನ ಹೆಸರಲ್ಲೇ ಹಾಕ್ದೆ ಕಣೋ. ಜೂನಿಯರ್ ನೆನಪಿಗೆ ಅಂತ. ಯಾರ್ ಕೇಳಿದ್ರು ಹೇಳು? ನಾನು, ನನ್ ಹೆಂಡ್ತಿ. ಅವಳೂ ಅರ್ಧಕ್ಕೇ ನಿಲ್ಸಿದ್ಲು. ಆಮೇಲೆ ಯಾರೋ ಪುಣ್ಯಾತ್ಮ ಅದನ್ನೇ ಎತ್ಕೊಂಡು ಅವರ ಫೋಟೊ ಹಾಕ್ದ. ಈಗ ನೋಡು, ಊರೆಲ್ಲ ಅಳ್ತಿದೆ.”

“ಅಳ್ತಿರೋದು ಅವನಿಗಲ್ಲವಲ್ಲ.”

“ಅವನ ಗಂಟಲಿಗೇ ತಾನೆ?” ಗೆಳೆಯ ಈಗ ನನ್ನ ಕಡೆ ನೋಡಿದ. “ನಿಮ್ಮಣ್ಣ ಅಂದ್ರೆ ಅದು ಸತ್ತವನ ಧ್ವನಿ, ಮಚ್ಚಾ. ಅವರು ಅಂದ್ರೆ ಬದ್ಕಿರೋ ಧ್ವನಿ. ನಿಂಗ್ ಯಾವ್ದು ಬೇಕು ಹೇಳು, ತೆಗೀತೀನಿ.”

ಸಿಟ್ಟು ಬಂದಿರಬೇಕಿತ್ತು, ಅದಕ್ಕೆ ಸ್ವಲ್ಪ ಕಾದೆ. ಬರಲಿಲ್ಲ. ಹೊರಗೆ ಬಸ್ಸು ಆಟೊಗಳು ಒಂದಕ್ಕೊಂದು ದಾರಿ ಬಿಡದೆ ಹಾರ್ನ್ ಹೊಡೆಯುತ್ತಿದ್ದವು. ಪೂರ್ತಿ ರೆಕಾರ್ಡಿಂಗ್ ಇದೆಯಾ ಎಂದು ಕೇಳಿದೆ.

“ಇದೆ. ಆಮೇಲಿಂದ್ರಲ್ಲಿ ಬರೀ ನಗು. ಅದಕ್ಕೇ ಕಟ್ ಮಾಡ್ದೆ.”

ಅದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಅಭ್ಯಾಸದ ಆ ಕೋಣೆ ಟೈಲರ್ ಅಂಗಡಿಯ ಮೇಲಿತ್ತು. ಅಣ್ಣ ಅಂದು ತನ್ನದೇ ಒಂದು ಹಾಡು ಕಟ್ಟುತ್ತಿದ್ದ, ಮೊದಲ ಸಾಲಷ್ಟೇ ಆಗಿತ್ತು. ನಾನು ಬಾಗಿಲಿಗೆ ಒರಗಿದ್ದೆ. ಹಡವಿ ಅಲ್ಲ ಕಣೋ, ಅಡವಿ ಎಂದು ತಿದ್ದಿದವನು ನಾನೇ. ಎಲ್ಲರೂ ನಕ್ಕರು. ಇಷ್ಟು ವರ್ಷ ಈ ನೆನಪು ನನ್ನ ಬಳಿಯಿತ್ತು.

ಗೆಳೆಯ ಪೂರ್ತಿ ಹಾಕಿದ. ಅಣ್ಣ ಹಾಡಿದ. ಫ್ಯಾನ್ ತಿರುಗಿತು. “ಹಡವಿ ಅಲ್ಲ ಗುರು, ಅಡವಿ” ಎಂದ ಧ್ವನಿ ಗೆಳೆಯನದು. ನಗು. ಅಣ್ಣ ಹೇಳಿದ, “ಓ, ಅಂಗಾ? ಇನ್ನೊಂದ್ ಸಲ ಆಡ್ತೀನಿ ತಡಿ.” ಅಂಗಾ. ಆಡ್ತೀನಿ. ಹಕಾರವಿಲ್ಲದ, ಯಾರ ಧ್ವನಿಯೂ ಅಲ್ಲದ, ಮನೆಯ ಧ್ವನಿ. ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಹಾಡಿದ್ದು ಅದರಲ್ಲಿಲ್ಲ.

“ತಿದ್ದಿದ್ದು ನಾನಲ್ವಾ?” ಎಂದೆ.

“ನೀನಾ? ನೀನ್ ಎಲ್ಲಿದ್ದೆ ಮಗಾ? ಒಂದು ಪ್ರಾಕ್ಟೀಸಿಗೂ ಬಂದೋನಲ್ಲ ನೀನು.”

ಹಾಗಾದರೆ ಬಾಗಿಲಿಗೆ ಒರಗಿದವನು ಯಾರೋ ತಿಳಿಯದು. ಅಣ್ಣನೇ ಮನೆಗೆ ಬಂದು ಹೇಳಿದ್ದನ್ನು ಕೇಳಿ, ನಾನು ನೆನಪಿನಲ್ಲೇ ಮೆಟ್ಟಿಲು ಹತ್ತಿ ಒಳಗೆ ಹೋಗಿ ನಿಂತಿರಬೇಕು. ಹಡವಿ ಎಂಬ ಊರನ್ನು ನಕ್ಷೆಯಲ್ಲಿ ಕಂಡವರಿಗಿಂತ ನನ್ನ ಸಾಕ್ಷಿ ಏನೂ ಹೆಚ್ಚಿನದಾಗಿರಲಿಲ್ಲ.

ಪೂರ್ತಿಯದನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಅದನ್ನು ಆ ಪೋಸ್ಟಿನ ಕೆಳಗೆ ಹಾಕಿದ್ದರೆ ಎಲ್ಲ ಮುಗಿಯುತ್ತಿತ್ತು. ಮನೆಗೆ ಬಂದು, ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮನ ಪಕ್ಕ ಕೂತು ಕೇಳಿಸಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಕೈ ನಿಲ್ಲಿಸಲೂ ಇಲ್ಲ.

“ಅಡವಿ ಅಂತ ಸರ್ಯಾಗೇ ಏಳ್ತಿದ್ದ ಸಣ್ಣೋನಿದ್ದಾಗ. ಆ ಯಜಮಾನ ಕೆಡಿಸ್ಬುಟ್ಟ” ಎಂದಳು. ನಾರನ್ನು ಪಕ್ಕಕ್ಕೆ ಸರಿಸಿ, “ಇನ್ನೊಂದ್ ಸಲ ಆಕು.”

ಹಾಕಿದೆ.

“ಇದನ್ನ ಜನಕ್ಕೆ ಕೇಳಿಸ್ಲಾ ಅಮ್ಮ? ಅವರಲ್ಲ, ಇವನು ಅಂತ ಗೊತ್ತಾಗ್ಲಿ.”

“ಗೊತ್ತಾದ್ರೆ?”

“ಸತ್ತೋಗಿದಾನೆ ಅಂತ ಗೊತ್ತಾಗುತ್ತೆ.”

ಅಮ್ಮ ಹುರುಳಿಕಾಯಿ ಮುರಿದಳು. “ಅದ್ ಗೊತ್ತಿರೋರು ನಾವಿದ್ದೀವಲ್ಲ. ಸಾಕ್ ಬುಡು.”

ಹಾಕಲಿಲ್ಲ. ನಾನು ಬರೆದಿದ್ದ ಮಾತನ್ನು ಅಳಿಸಲೂ ಇಲ್ಲ. ಅದು ಹೃದಯಗಳ ಕೆಳಗೆ ಎಲ್ಲೋ ಹೂತುಹೋಗಿದೆ. ಅವನ ಧ್ವನಿ ಅವನದೆಂದು ಅಲ್ಲಿ ಯಾರೂ ಒಪ್ಪಿಲ್ಲ. ಅಮ್ಮ ಒಪ್ಪಿದಳು, ಆದರೆ ಅವಳನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೆಲವು ದಿನಗಳ ನಂತರ ಒಂದು ಸಂಜೆ ಹೊಸ ವಿಡಿಯೊ ಬಂತು. ಯಲಹಂಕದ ಹುಡುಗರು ಕಾರು ಮಾಡಿಕೊಂಡು ಹಡವಿಯನ್ನು ಹುಡುಕಲು ಹೊರಟಿದ್ದರು. ನಕ್ಷೆಯ ಕೆಂಪು ಚುಕ್ಕಿ ಸಮೀಪಿಸಿದ ಕಡೆ ಇಳಿದು, ರಸ್ತೆ ಬದಿಯ ಎಳನೀರಿನವನನ್ನು ಕೇಳಿದರು.

“ಅಣ್ಣಾ, ಹಡವಿ ಎಲ್ಲಿ ಬರುತ್ತೆ?”

ಅವನು ಕತ್ತಿ ಕೆಳಗಿಡದೆ ಅದರ ತುದಿಯಲ್ಲೇ ತೋರಿಸಿದ. “ಇಂಗೇ ನೇರ ಓಗಿ. ತಿರುವು ಬರ್ತದೆ.”

ಒಂದು ಕ್ಷಣವೂ ಯೋಚಿಸಲಿಲ್ಲ ಅವನು. ಹುಡುಗರು ಕೇಕೆ ಹಾಕಿದರು. ಅವನು ಅಡವಿಯನ್ನು ತೋರಿಸುತ್ತಿದ್ದಾನೆಂದು ನನಗೆ ಗೊತ್ತು. ಹಡವಿಯೂ ಅಡವಿಯೂ ಅವನ ಕಿವಿಗೆ ಒಂದೇ. ಕಾರು ಹೊರಟಿತು. ಎರಡೂ ಬದಿ ಮರಗಳು ದಟ್ಟವಾಗತೊಡಗಿದವು. ಮುಂದೆ ತಿರುವು ಕಂಡಿತು, ಚಿತ್ರ ಅಲ್ಲೇ ನಿಂತು ನಡುವೆ ಸುತ್ತುವ ಚಕ್ರ ಬಂತು. ಆಫ್ ಮಾಡಲಿಲ್ಲ. ಫೋನನ್ನು ಸಿಗ್ನಲ್ ಸಿಗುವ ಕಿಟಕಿಯ ಹತ್ತಿರ ಹಿಡಿದು ನಿಂತೆ.

“ಸಿಕ್ತೇನೋ?” ಅಮ್ಮ ಅಡುಗೆಮನೆಯಿಂದ ಕೇಳಿದಳು. ಅವಳು ಯಾವಾಗಿಂದ ಕೇಳಿಸಿಕೊಳ್ಳುತ್ತಿದ್ದಳೋ.

“ಇನ್ನೂ ಇಲ್ಲ” ಎಂದೆ.